ಸಾಲು ಕಾಯ್ದ ಸಾಕಮ್ಮ

ಕಿಕ್ಕೇರಿ ಬಳಿಯ ಜನತಾ ಕಾಲೋನಿಯಲ್ಲಿ ಯಾರ ಮನೆ ಸೋರಿದರೂ ಅರ್ಜಿ ಹಿಡಿದು ಬಸ್ಸು ಹತ್ತುವವಳು ಸಾಕಮ್ಮ. ಕಚೇರಿಯಲ್ಲಿ ಕುರ್ಚಿ ಕೊಟ್ಟರೂ ಕೂರುವುದಿಲ್ಲ. "ಕುಂತ್ರೆ ನೀವು ನನ್ನ ಮರ್ತೋಯ್ತೀರಿ" ಎನ್ನುತ್ತಾಳೆ. ರಿಪೇರಿ ನೋಡಲು ಬಂದ ಎಂಜಿನಿಯರಿಗೆ ಮಜ್ಜಿಗೆ ಕೊಟ್ಟು, ಅವರು ಲೋಟ ಕೆಳಗಿಡುವ ಮೊದಲೇ ಏಣಿ ತಂದು ನಿಲ್ಲಿಸುತ್ತಾಳೆ. ಪಾಪ, ಅವರು ಮೂವತ್ತೂ ಮನೆಗಳ ಸೂರು ಹತ್ತಿ ನೋಡಿದ್ದಾರೆ. ತೊಂಬತ್ತಾರರಲ್ಲಿ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವ ನಕ್ಷೆ ಬಂದಾಗ ಎಲ್ಲರೂ ರಸ್ತೆ ಬದಿಯ ಮನೆಯನ್ನೇ ಕೇಳಿದರು. ಸಾಕಮ್ಮ ಮಾತ್ರ, "ಮನೆ ಸಾಲು ಈಗಿದ್ದಂಗೇ ಇರ್ಲಿ ಸ್ವಾಮಿ. ನಮ್ ಚಲುವಮ್ಮಂಗೆ ಕಣ್ಣು ಕಾಣಕಿಲ್ಲ. ಬಾಗ್ಲು ಮುಟ್ಟಿ ಎಣುಸ್ಕಂಡೇ ಮನ್ಗೆ ಬತ್ತಾಳೆ" ಎಂದಳು. ರಸ್ತೆ ಬದಿ ಕೇಳಿದವರು ಒಬ್ಬೊಬ್ಬರಾಗಿ ತಮ್ಮ ಹಳೆಯ ಜಾಗಕ್ಕೇ ಒಪ್ಪಿದರು. ಹೊಸ ಕಾಲೋನಿಯಲ್ಲೂ ಚಲುವಮ್ಮನದು ಏಳನೆಯ ಬಾಗಿಲೇ.