ಬಸಳೆ ಇಲ್ಲದ ನಕ್ಷೆ

ಡೊಂಬಿವಲಿಯ ನಮ್ಮ ಬಾಲ್ಕನಿಯನ್ನು ತೋಟ ಮಾಡಲು ಹೊರಟಾಗ ನಾನು ಮೊದಲು ತಂದದ್ದು ಮಣ್ಣಲ್ಲ, ಚಿತ್ರ. ಫೋನಿನ ತುಂಬ ಬಿಳಿ ಕಲ್ಲು, ಬಿದಿರಿನ ಪರದೆ, ತೂಗುಬುಟ್ಟಿಯ ಜರಿಗಿಡ. ಅವನ್ನೆಲ್ಲ ನೋಡಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದೆ. ಅದರಲ್ಲಿ ಜಾಗ ಸಿಗದೆ ಉಳಿದದ್ದು ಒಂದೇ: ಎಣ್ಣೆ ಡಬ್ಬಿಯಲ್ಲಿ ಬೆಳೆದು ಗ್ರಿಲ್ಲಿಗೆ ಸುತ್ತಿಕೊಂಡಿದ್ದ ಅಮ್ಮನ ಬಸಳೆ.

“ಯಾವ ಫೋಟೋದಲ್ಲೂ ಬಸಳೆ ಇಲ್ಲಮ್ಮ,” ಎಂದೆ, ಟಿವಿ ಸ್ಪರ್ಧೆಯ ತೀರ್ಪುಗಾರರ ಗಂಟಲನ್ನು ಅಣಕಿಸುತ್ತ.

“ಫೋಟೋ ಹಾಕಿ ಊಟಕ್ಕೆ ಗಸಿ ಮಾಡ್ಲಿಕ್ಕೆ ಆಗ್ತದಾ ಮಾರಾಯ?” ಎಂದ ಅಮ್ಮ, ಮರುದಿನವೇ ಡಬ್ಬಿಯನ್ನು ಎದುರು ಬಿಲ್ಡಿಂಗಿನ ಮೈಸೂರು ಆಂಟಿಗೆ ಕೊಟ್ಟುಬಂದಳು.

ನನ್ನ ತೋಟ ನಕ್ಷೆಯಂತೆಯೇ ಎದ್ದಿತು. ಪಶ್ಚಿಮದ ಬಿಸಿಲಿಗೆ ಜರಿಗಿಡ ಚಹಾಪುಡಿಯಾಯಿತು. ಆಂಟಿಯ ಬಾಲ್ಕನಿಯಲ್ಲಿ ಬಸಳೆ ಎಲೆ ಅಂಗೈಯಗಲ. ಅದನ್ನಾದರೂ ಸಹಿಸಬಹುದಿತ್ತು. ಸಂಜೆ ನನ್ನ ಮಿಮಿಕ್ರಿ ಕೇಳುತ್ತ ಚಹಾ ಕುಡಿಯುತ್ತಿದ್ದ ಅಮ್ಮ ಈಗ ಆ ಬಸಳೆಯ ಪಕ್ಕ ಕೂತು ನಗುತ್ತಿದ್ದಳು. ಆ ನಗು ನನ್ನದಾಗಿತ್ತು! ಹೊಟ್ಟೆ ಉರಿದು, ಆಂಟಿಯ ಮಾತಿನ ರಾಗವನ್ನು ಒಬ್ಬನೇ ಅಣಕಿಸಿದೆ. ಕೇಳಲು ಇದ್ದದ್ದು ಜರಿಗಿಡ, ಅದೂ ಸತ್ತಿತ್ತು.

ಕೊನೆಗೆ ಒಂದು ಭಾನುವಾರ, ನಮ್ಮ ಬಾಲ್ಕನಿಯ ಫೋಟೋ ಎದುರಿನಿಂದ ತೆಗೆಯಬೇಕೆಂಬ ನೆಪ ಹೂಡಿ ಆಂಟಿಯ ಮನೆಗೇ ಹೋದೆ. ಅಮ್ಮ ಆಗಲೇ ಅಲ್ಲಿದ್ದಳು.

“ಬಾಪ್ಪಾ, ನಿನ್ನ ಕಥೆನೇ ದಿನಾ ಇಲ್ಲಿ,” ಎಂದರು ಆಂಟಿ. ಅಮ್ಮನತ್ತ ತಿರುಗಿ, “ರೀ, ಇನ್ನೊಂದ್ಸಲ ಮಾಡಿ, ಇವನೂ ಕೇಳ್ಲಿ.”

ಅಮ್ಮ ಗಂಟಲು ಸರಿಮಾಡಿಕೊಂಡು, ಹುಬ್ಬೇರಿಸಿ, “ಯಾವ ಫೋಟೋದಲ್ಲೂ ಬಸಳೆ ಇಲ್ಲಮ್ಮ,” ಎಂದಳು. ಥೇಟ್ ನಾನೇ. ಕೊನೆಯಲ್ಲಿ ನಾನು ಮೂಗೆಳೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ! ಇಷ್ಟು ದಿನ ಇಲ್ಲಿ ನಕ್ಕಿದ್ದೆಲ್ಲ ನನ್ನ ವಿಷಯಕ್ಕೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈಗ ಅಮ್ಮನ ಗಂಟಲಿನ ಮೇಲೂ ಮತ್ಸರ.

“ಆಂಟಿ, ಒಂದು ತುಂಡು ಬಳ್ಳಿ ಕೊಡ್ತೀರಾ?”

“ನಕ್ಷೆಯಲ್ಲಿ ಜಾಗ ಉಂಟಾ?” ಎಂದಳು ಅಮ್ಮ, ಇನ್ನೂ ನನ್ನ ಗಂಟಲಿನಲ್ಲೇ.

ಬಿಳಿ ಕಲ್ಲುಗಳನ್ನು ಸರಿಸಿ ಬಳ್ಳಿ ಊರಿದೆ. ಮರುದಿನ ಸಂಜೆ ಅಮ್ಮ ಚಹಾ ಹಿಡಿದು ಅದರ ಪಕ್ಕ ಬಂದು ಕೂತಳು. ಮೂರೇ ಎಲೆ. ಎದುರು ಬಾಲ್ಕನಿಯ ಬಸಳೆಯನ್ನು ನೋಡಬಾರದೆಂದುಕೊಂಡೇ ನೋಡಿದೆ.