ಒಂದೂ ಕೆಟ್ಟ ಪದವಿಲ್ಲದ ಕರೆ

ಅವರ ಬಲಗಿವಿಯ ಮೇಲಂಚು ಜಡ್ಡುಗಟ್ಟಿ ಕಪ್ಪಾಗಿತ್ತು. ವರ್ಷಗಟ್ಟಲೆ ಹೆಡ್‌ಸೆಟ್ ಒತ್ತಿ ಒತ್ತಿ ಆದ ಗುರುತು ಅದು. ಆ ಕಿವಿಗೆ ಓಲೆ ಹಾಕುವುದನ್ನೇ ಬಿಟ್ಟಿದ್ದರು. ಎಡಗಿವಿಯಲ್ಲಿ ಮಾತ್ರ ಒಂದು ಕೆಂಪು ಹರಳಿನ ಓಲೆ. ಯಾರಾದರೂ ಕೇಳಿದರೆ, "ಇದು ಮನೆ ಕಿವಿ, ಅದು ಬೈಗುಳದ ಕಿವಿ" ಅನ್ನುತ್ತಿದ್ದರು.

ನೆಲಮಂಗಲದ ಹೆದ್ದಾರಿ ಪಕ್ಕದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಕಾಲ್ ಸೆಂಟರ್. ಇಂಗ್ಲೆಂಡಿನವರ ಹೀಟರೋ ಆಸ್ಟ್ರೇಲಿಯಾದವರ ಫ್ರಿಜ್ಜೋ ಕೆಟ್ಟರೆ ದೂರು ಬರುವುದು ನಮಗೆ. ಆ ಒಂಟಿ ಓಲೆಯವರು ನಮ್ಮ ಟೀಮ್ ಲೀಡರ್. ಎಲ್ಲರನ್ನೂ ಹೆಸರಿನಿಂದಲೇ ಕರೆಯಬೇಕೆಂದು ಕಂಪನಿಯ ನಿಯಮವಿತ್ತು. ಅರಿಶಿನಕುಂಟೆಯಲ್ಲಿ ಬೆಳೆದ ನನ್ನ ಬಾಯಿಗೆ ಅದು ಬರಲಿಲ್ಲ, ಅಕ್ಕ ಎಂದೇ ಕರೆದೆ. ಮಧ್ಯಾಹ್ನ ಅವರ ಡಬ್ಬಿಯಲ್ಲಿ ಅರ್ಧ ನನ್ನದಾಯಿತು.

ಇನ್ನೊಂದು ನಿಯಮವೂ ಇತ್ತು. ಗ್ರಾಹಕ ಕೆಟ್ಟ ಪದ ಬಳಸಿದರೆ ಮೂರು ಸಲ ಎಚ್ಚರಿಕೆ ಓದಬೇಕು, ಆಮೇಲೆ ಕರೆ ಕತ್ತರಿಸಬಹುದು. ಯಾವುದು ಕೆಟ್ಟ ಪದ ಎಂಬ ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಪ್ರತಿ ಮೇಜಿಗೂ ಅಂಟಿಸಿದ್ದರು. ಪಟ್ಟಿಯಲ್ಲಿರುವ ಪದ ಕೇಳಿಸಿದರೆ ಪರದೆಯ ಮೂಲೆಯ ಹಸಿರು ದೀಪ ಕೆಂಪಾಗುತ್ತಿತ್ತು.

ಸೇರಿದ ಎರಡನೇ ವಾರ, ಆಸ್ಟ್ರೇಲಿಯಾದ ಒಬ್ಬ ಮುದುಕರು ಫೋನ್ ಮಾಡಿ ಫ್ರಿಜ್ಜನ್ನು ಮೂರು ಸಲ 'ಬ್ಲಡಿ' ಅಂದರು. ನಾನು ಮೂರು ಸಲ ಎಚ್ಚರಿಕೆ ಓದಿ ಕತ್ತರಿಸಿದೆ. ಅಕ್ಕ ಅದೇ ನಂಬರಿಗೆ ತಿರುಗಿ ಫೋನ್ ಮಾಡಿ, ಕ್ಷಮೆ ಕೇಳಿ, ಏನೋ ತಮಾಷೆಯಾಡಿ, ಮೆಕ್ಯಾನಿಕ್ ಬರುವ ದಿನ ಹೇಳಿದರು. ಮುದುಕರು ಖುಷಿಯಾಗಿ ಇವರಿಗೇ 'ಬ್ಲಡಿ ಬ್ಯೂಟಿ' ಅಂದರು. ದೀಪ ಮತ್ತೆ ಕೆಂಪಾಯಿತು.

"ಬೈದಿದ್ದಲ್ಲ ಕಣೇ, ಹೊಗಳಿದ್ದು" ಎಂದರು ಅಕ್ಕ. "ನಮ್ಮಪ್ಪ ಎತ್ತಿಗೆ ಮೇವು ಹಾಕೋವಾಗ್ಲೂ ಬಡ್ಡೀಮಗನೇ ಅಂತಿದ್ದ. ಎತ್ತಿಗೆ ಗೊತ್ತಾಗ್ತಿತ್ತು, ನಿಂಗೆ ಗೊತ್ತಾಗ್ಲಿಲ್ಲ."

ಅವರ ಬಳಿ ಒಂದು ನೋಟ್‌ಬುಕ್ಕಿತ್ತು. ದೇಶಕ್ಕೊಂದು ಪುಟ, ಎಲ್ಲ ಕನ್ನಡದಲ್ಲಿ. ಆಸ್ಟ್ರೇಲಿಯಾದ ಪುಟದಲ್ಲಿ: "ಬ್ಲಡಿ ಲೆಕ್ಕಕ್ಕಿಲ್ಲ. ಬಾಸ್ಟರ್ಡ್ ಅಂದ್ರೆ ಗೆಳೆಯನೂ ಇರಬಹುದು. ಮೇಟ್ ಅಂತ ನಗ್ತಾ ಅಂದ್ರೆ ನಮ್ಮ 'ಏನ್ ಗುರು' ಇದ್ದಂಗೆ. ಹಲ್ಲು ಕಚ್ಚಿ ಅಂದ್ರೆ ಜಗಳ." ಅಮೆರಿಕದ ಪುಟ ಅವರು ಹಿಂದೆ ಕೆಲಸ ಮಾಡಿದ ಕಂಪನಿಯ ಕಾಲದ್ದು: "ಎಫ್ ಜೋರಾಗಿ ಬಂದ್ರೆ ನಿಜವಾದ ಕೋಪ. ಕೆಲವು ಹಿರಿಯರ ಮುಂದೆ ದೇವರ ಹೆಸರು ಸುಮ್ಮನೆ ಎತ್ತಿದ್ರೂ ನೊಂದ್ಕೊತಾರೆ." ಇಂಗ್ಲೆಂಡಿನ ಪುಟದಲ್ಲಿ ಒಂದೇ ಸಾಲು, ಕೆಂಪು ಶಾಯಿಯಲ್ಲಿ: "ದನಿ ತಗ್ಗಿಸಿ 'ವಿತ್ ರೆಸ್ಪೆಕ್ಟ್' ಅಂದ ತಕ್ಷಣ ಹುಷಾರು."

ಆ ಸಾಲಿನ ಅರ್ಥ ನನಗಾದದ್ದು ಒಂದು ಮಧ್ಯಾಹ್ನ. ಇಂಗ್ಲೆಂಡಿನ ಒಬ್ಬ ಗಂಡಸು. ಅವನ ಹೀಟರ್ ರಿಪೇರಿಗೆ ಜನ ಬಂದಿರಲಿಲ್ಲ, ತಪ್ಪು ಕಂಪನಿಯದೇ. ಅವನು ಒಮ್ಮೆಯೂ ಕೂಗಲಿಲ್ಲ. ಗೌರವಪೂರ್ವಕವಾಗಿಯೇ ಕೇಳುತ್ತಿದ್ದೇನೆ, ನಿಮ್ಮ ಊರಲ್ಲಿ ಶಾಲೆಗಳಿವೆಯೇ ಎಂದ. ನಿನಗೆ ಅರ್ಥವಾಗುವಷ್ಟು ನಿಧಾನವಾಗಿ ಮಾತಾಡುತ್ತೇನೆ, ಡಿಯರ್, ಎಂದ. ಕೊನೆಗೆ, 'ಈ ಕೆಲಸಕ್ಕೆ ನಾನು ಯೋಗ್ಯಳಲ್ಲ' ಎಂದು ನೀನೇ ಹೇಳು, ದಾಖಲಾಗಲಿ, ದಯವಿಟ್ಟು, ಎಂದ. ನಾನು ಪಟ್ಟಿ ನೋಡಿದೆ. ಇದಾವುದೂ ಅದರಲ್ಲಿರಲಿಲ್ಲ. ದೀಪ ಹಸಿರಾಗಿಯೇ ಇತ್ತು. ಕತ್ತರಿಸಿದರೆ ಕೆಲಸ ಹೋಗುತ್ತದೆಂದು ಹೆದರಿ ಆ ಮಾತನ್ನು ಹೇಳಿದೆ. ಸ್ಪಷ್ಟವಾಗಿ ಕೇಳಿಸಲಿಲ್ಲ, ಇನ್ನೊಮ್ಮೆ, ಎಂದ. ಇನ್ನೊಮ್ಮೆ ಹೇಳಿದೆ. ಈಗ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಮೂರನೆಯ ಸಲಕ್ಕೆ ಬಾಯಿ ತೆರೆದಾಗ ನನ್ನ ಹೆಡ್‌ಸೆಟ್ ಕಿತ್ತುಕೊಂಡದ್ದು ಅಕ್ಕ. ತಮ್ಮ ಸೀಟಿನಿಂದ ಕರೆ ಕೇಳಿಸಿಕೊಳ್ಳುತ್ತಿದ್ದವರು ಎದ್ದು ಬಂದಿದ್ದರು. ಇಂಗ್ಲಿಷಿನಲ್ಲಿ, ಅವನಷ್ಟೇ ತಣ್ಣಗೆ, "ಸಾರ್, ನೀವು ಒಂದೂ ಕೆಟ್ಟ ಪದ ಆಡಿಲ್ಲ. ಅದಕ್ಕೇ ಎಚ್ಚರಿಕೆ ಕೊಡದೆ ಕತ್ತರಿಸುತ್ತಿದ್ದೇನೆ" ಎಂದು ಹೇಳಿ ಕತ್ತರಿಸಿದರು. ನನ್ನ ಕಡೆ ತಿರುಗಿ, "ಹೋಗಿ ಮುಖ ತೊಳ್ಕೊಂಡು ಬಾ" ಎಂದರು.

ಅವನು ದೂರು ಕೊಟ್ಟ. ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಇಡೀ ಕರೆಯ ರೆಕಾರ್ಡಿಂಗ್ ಕೇಳಿಸಿದ. "ಯಾವ ವರ್ಡ್ ಬೈಗುಳ? ನಂಗೆ ಒಂದು ವರ್ಡ್ ತೋರ್ಸಿ ಸಾಕು" ಎಂದ. ನಾನು ಅಳುತ್ತಿದ್ದದ್ದು ಅದರಲ್ಲೇ ಕೇಳಿಸುತ್ತಿತ್ತು. ಅವನಿಗೆ ವರ್ಡ್ ಬೇಕಿತ್ತು.

ಮರುದಿನ ನನ್ನೊಬ್ಬಳನ್ನೇ ಕರೆದು ಒಂದು ಹಾಳೆ ಮುಂದಿಟ್ಟ. ಕರೆಯಲ್ಲಿ ನನಗೆ ಯಾವ ತೊಂದರೆಯೂ ಆಗಿರಲಿಲ್ಲ, ಲೀಡರ್ ಅನಗತ್ಯವಾಗಿ ಮಧ್ಯೆ ಬಂದರು ಎಂದು ಅದರಲ್ಲಿತ್ತು. "ಇನ್ನೂ ನಿಂದು ಕನ್ಫರ್ಮ್ ಆಗಿಲ್ಲ ಅಲ್ವಾಮ್ಮ" ಎಂದ, ಬಹಳ ಮೃದುವಾಗಿ. ನಾನು ಸಹಿ ಹಾಕಿದೆ. ಆ ಹಾಳೆಯಲ್ಲೂ ಒಂದೂ ಕೆಟ್ಟ ಪದವಿರಲಿಲ್ಲ.

ಅಕ್ಕನನ್ನು ಅಂದೇ ಕಳಿಸಿದರು. ಡಬ್ಬಿಯನ್ನು ಬ್ಯಾಗಿಗೆ ತುರುಕುತ್ತಾ, "ಸೈನ್ ಹಾಕಿದ್ಯಂತೆ?" ಎಂದರು. ನಾನು ತಲೆ ತಗ್ಗಿಸಿದೆ. "ಸರಿ ಬಿಡು. ಹಾಕ್ದೆ ಇದ್ರೆ ಇಬ್ರೂ ಹೋಗ್ತಿದ್ವಿ." ಒಂದು ಮಾತು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಎರಡು ವರ್ಷದ ಮೇಲೆ, ಈ ಬೇಸಿಗೆಯಲ್ಲಿ, ಆಫೀಸಿನ ವಾಟ್ಸಾಪ್ ಗುಂಪಿಗೆ ಅವರ ಫೋಟೋ ಬಂತು. ಕಾಮಾಲೆ ಕಾಣಿಸಿಕೊಂಡು ಹದಿನೈದೇ ದಿನಕ್ಕೆ ತೀರಿಕೊಂಡಿದ್ದರು. ಮೊದಲು ಕೈ ಮುಗಿದ ಚಿತ್ರ ಹಾಕಿ 'ನಮ್ಮ ಕುಟುಂಬದ ಹಿರಿಯ ಸದಸ್ಯೆ' ಎಂದು ಬರೆದವನು ಅದೇ ಮ್ಯಾನೇಜರ್. ಫೋನ್ ಎತ್ತಿ ಗೋಡೆಗೆ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಅವನ ಕೆಳಗೆ ನಾನು ಈಗಲೂ ಕೆಲಸ ಮಾಡುತ್ತೇನೆ.

ಹನ್ನೊಂದನೇ ದಿನದ ಕಾರ್ಯಕ್ಕೆ ಶಿವಗಂಗೆ ಹತ್ತಿರದ ಅವರ ಹಳ್ಳಿಗೆ ಹೋದೆ. ಅವರ ತಾಯಿ ಜಗುಲಿಯ ಮೇಲೆ ಕೂತಿದ್ದರು. ನಾನು ಕಾಲ್ ಸೆಂಟರಿನವಳೆಂದು ತಿಳಿದು, "ಅಲ್ಲಿ ಏನಾಯ್ತವ್ವ? ಕೆಲಸ ಯಾಕೋಯ್ತು ಅಂದ್ರೆ ಬಾಯೇ ಬಿಡ್ಲಿಲ್ಲ ನನ್ ಮಗಳು" ಎಂದರು. ಕಂಪನಿಯಲ್ಲಿ ಜನ ಕಡಿಮೆ ಮಾಡಿದರು ಎಂಬ ಉತ್ತರ ಬಾಯಿಗೇ ಬಂದಿತ್ತು. ನುಂಗಿಕೊಂಡು, ಅವರ ಪಕ್ಕ ಕೂತು, ಡಬ್ಬಿಯ ಊಟದಿಂದ ಸಹಿಯವರೆಗೆ ಎಲ್ಲವನ್ನೂ ಹೇಳಿದೆ.

ಆ ತಾಯಿ, ಬಂದ ನೆಂಟರೆಲ್ಲ ತಿರುಗಿ ನೋಡುವಂತೆ, "ಥೂ, ನಿನ್ ಕೈ ಸೇದೋಗ. ಮನೆಹಾಳಿ. ಅವಳ ಡಬ್ಬೀಲಿ ಉಂಡು ಅವಳ ಬಾಯಿಗೇ ಮಣ್ಣಾಕಿದ್ಯಲ್ಲೇ" ಎಂದು ಶುರು ಮಾಡಿ, ಉಸಿರು ಮುಗಿಯುವವರೆಗೆ ಬೈದರು. ನಾನು ಅಲ್ಲಾಡದೆ ಕೂತು ಒಂದೊಂದನ್ನೂ ಕೇಳಿಸಿಕೊಂಡೆ. ಅಷ್ಟೂ ನನಗೆ ಸಲ್ಲಬೇಕಾದದ್ದೇ.

ಬೈದು ಸುಸ್ತಾಗಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಕೇಳಿಸಿತು: "ಎಲ್ಲೋಗ್ತೀಯೇ? ಎಲೆ ಹಾಕವ್ರೆ, ಉಂಡೋಗು."