ಮಲಗಿದ್ದಲ್ಲೇ ಕಲಿತದ್ದು

“ಎರಡನೇ ವರ್ಷ ಏನಾಯ್ತಮ್ಮ? ಬರೀ ಫೇಲ್ ಕಾಣ್ತಿದೆ” ಎಂದರು ನನ್ನ ಪದವಿಯ ಅಂಕಪಟ್ಟಿ ಹಿಡಿದು ಸಂದರ್ಶನಕ್ಕೆ ಕೂತಿದ್ದ ಹಿರಿಯ ಮೇಡಂ. ಮೈಸೂರಿನ ಕಾಲೇಜೊಂದರ ಫಿಸಿಯೋಥೆರಪಿ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದ್ದೆ. ಕಾಯಿಲೆ ವಿಷಯ ಎತ್ತಬೇಡ, ಇವಳ ಕೈಲಾಗಲ್ಲ ಅಂದುಕೊಂಡಾರು ಎಂದು ನಜರ್‌ಬಾದಿನ ಮನೆಯಿಂದ ಹೊರಡುವಾಗ ಅಮ್ಮ ಹೇಳಿದ್ದರು. ಆದರೆ ಸುಳ್ಳು ಬಾಯಿಗೆ ಬರಲಿಲ್ಲ. ನರದ ಕಾಯಿಲೆಯಿಂದ ಕಾಲು ಸ್ವಾಧೀನ ತಪ್ಪಿ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದೆ ಎಂದೆ.

ಮೇಡಂ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟರು. ಫಿಸಿಯೋದವರು ವ್ಯಾಯಾಮ ಮಾಡಿಸುವಾಗ ನಿನಗೆ ಯಾವುದು ಕಷ್ಟವಾಗುತ್ತಿತ್ತು ಎಂದು ಕೇಳಿದರು. ಆವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

“ಒಂದು ಮಾತೂ ಹೇಳದೆ ಕಾಲು ಎತ್ತಿಬಿಡೋರು ಮೇಡಂ. ನೋವಿಗಿಂತ ಆ ಭಯಾನೇ ಜಾಸ್ತಿ” ಎನ್ನುತ್ತಾ ಕಣ್ಣೊರೆಸಿಕೊಂಡೆ. ಅವರು ತಮ್ಮ ನೀರಿನ ಬಾಟಲಿಯನ್ನೇ ನನ್ನತ್ತ ಸರಿಸಿದರು. “ನಿಧಾನ ಕಣಮ್ಮ. ಇದನ್ನ ನಾವು ಪಾಠದಲ್ಲಿ ಎಷ್ಟು ಹೇಳಿದ್ರೂ ಮಕ್ಕಳ ತಲೆಗೆ ಹತ್ತಲ್ಲ. ನೀನು ಬಂದು ಹೇಳು” ಎಂದರು.

ಸೀಟು ಸಿಕ್ಕಿತು, ತರಗತಿಗಳು ಶುರುವಾಗಿವೆ. ಆ ವರ್ಷ ದಂಡವಾಯಿತೆಂದು ಎಷ್ಟೋ ಸಲ ಅತ್ತಿದ್ದೆ. ಈಗ ಯಾರಾದರೂ ಕೇಳಿದರೆ, ಆಗಲೂ ಓದುತ್ತಲೇ ಇದ್ದೆ ಎನ್ನುತ್ತೇನೆ.